ಲಿನಕ್ಸ್ ಕಂಪ್ಯೂಟರಿಗೆ ಸೌಂಡ್ ಕಾರ್ಡ್: ಅಂಕಿ ಬಿಡಿ, ಗುಂಡಿ ನೋಡಿ

ಸೌಂಡ್ ಕಾರ್ಡ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲಿನ ಅಂಕಿಗಳ ಕಡೆಗೆ. 24 ಬಿಟ್, 192 ಕಿಲೋಹರ್ಟ್ಸ್, ಇಷ್ಟು ಡೆಸಿಬೆಲ್ ಅಂತೆಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಆದರೆ, ಆರ್ಡೋರ್ ಅಥವಾ ಆಡಾಸಿಟಿಯಲ್ಲಿ ಹಾಡು ರೆಕಾರ್ಡ್ ಮಾಡುವವರು ನೀವಾದರೆ, ಅದಕ್ಕಿಂತ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಆ ಪೆಟ್ಟಿಗೆಯ ಮೈಮೇಲೆ ಏನೇನು ಗುಂಡಿಗಳಿವೆ?

ಕಾರಣ ಸರಳ. ಸೌಂಡ್ ಕಾರ್ಡ್ ಮಾಡುವ ಕಂಪನಿಗಳು ತಮ್ಮ ಕಂಟ್ರೋಲ್ ಸಾಫ್ಟ್‌ವೇರನ್ನು ವಿಂಡೋಸ್‌ಗೆ ಮತ್ತು ಮ್ಯಾಕ್‌ಗೆ ಬರೆಯುತ್ತವೆ. ಲಿನಕ್ಸ್‌ಗೆ ಬರೆಯುವವರು ತೀರಾ ಕಡಿಮೆ. ಗೇನ್ (ಒಳಬರುವ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು) ಏರಿಸುವ ನಾಬ್, ಕೆಲವು ಮೈಕುಗಳಿಗೆ ಕರೆಂಟು ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್‌ನ ಸ್ವಿಚ್, ಮೈಕಿನ ಸದ್ದನ್ನು ನೇರ ಕಿವಿಗೆ ಕೊಡುವ ಡೈರೆಕ್ಟ್ ಮಾನಿಟರ್ ಗುಂಡಿ, ಹೆಡ್‌ಫೋನಿನ ವಾಲ್ಯೂಮ್, ಇವೆಲ್ಲ ಕೈಗೆ ಸಿಗುವಂತಿದ್ದರೆ ಕಂಪನಿಯ ಸಾಫ್ಟ್‌ವೇರಿನ ಹಂಗೇ ಇಲ್ಲ. ಇವುಗಳಲ್ಲಿ ಒಂದು ಆ್ಯಪ್ ಒಳಗೆ ಮಾತ್ರ ಇದೆ ಅಂದರೂ ತೊಂದರೆ ಅಲ್ಲಿಂದಲೇ ಶುರು. ಸದ್ದು ಬರುತ್ತದೆ, ಆದರೆ ಅದನ್ನು ಬೇಕಾದಂತೆ ತಿದ್ದಿಕೊಳ್ಳಲು ಆಗುವುದಿಲ್ಲ.

ಇನ್ನೊಂದು ಮಾತು, ಅಂಗಡಿಗೆ ಹೋಗುವ ಮುಂಚೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಮ್ನೆ 'ಸೌಂಡ್ ಕಾರ್ಡ್ ಕೊಡಿ' ಅಂದರೆ ಪೆನ್ ಡ್ರೈವ್‌ನಷ್ಟೇ ಇರುವ, ಮೇಲೆ 7.1 ಅಂತ ಬರೆದ ಯುಎಸ್‌ಬಿ ತುಂಡೊಂದನ್ನು ಕೈಗಿಟ್ಟಾರು. ನಮಗೆ ಬೇಕಾದದ್ದು ಅದಲ್ಲ. 'ಆಡಿಯೋ ಇಂಟರ್ಫೇಸ್' ಎಂದೇ ಕೇಳಿ. ಸಂಗೀತದ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು.

ಐಪ್ಯಾಡ್‌ಗೆ ಆಗುತ್ತದೆಯೇ?

ಯುಎಸ್‌ಬಿ ಆಡಿಯೋ ಕ್ಲಾಸ್ ಎಂಬ ಒಂದು ಒಪ್ಪಿತ ಪದ್ಧತಿ ಇದೆ. ಅದರ ಪ್ರಕಾರ ನಡೆಯುವ ಪೆಟ್ಟಿಗೆಗೆ ಬೇರೆ ಡ್ರೈವರ್ (ಅದನ್ನು ನಡೆಸುವ ಪ್ರೋಗ್ರಾಮ್) ಬೇಡ. ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಅದಕ್ಕೆ ಬೇಕಾದ ಡ್ರೈವರ್ ಇದೆ. ಇಂಥ ಪೆಟ್ಟಿಗೆಗಳನ್ನು 'ಕ್ಲಾಸ್ ಕಂಪ್ಲಯಂಟ್' ಅನ್ನುತ್ತಾರೆ. ಡಬ್ಬದ ಮೇಲೆ ಲಿನಕ್ಸ್ ಹೆಸರು ಹುಡುಕಿದರೆ ಸಿಗುವುದು ಅಪರೂಪ. ಅದರ ಬದಲು ಐಪ್ಯಾಡ್ ಹೆಸರು ಹುಡುಕಿ. ಐಪ್ಯಾಡ್‌ಗೆ ಸಾಮಾನ್ಯವಾಗಿ ಹೊರಗಿನ ಡ್ರೈವರ್ ಹಾಕುವ ವ್ಯವಸ್ಥೆ ಇಲ್ಲ. ಹಾಗಾಗಿ ಐಪ್ಯಾಡ್‌ನಲ್ಲಿ ಚುಚ್ಚಿದ ಕೂಡಲೇ ನಡೆಯುವ ಪೆಟ್ಟಿಗೆ ಲಿನಕ್ಸ್‌ನಲ್ಲೂ ಬಹುಪಾಲು ನಡೆದೇ ನಡೆಯುತ್ತದೆ. ಸ್ಟೈನ್‌ಬರ್ಗ್‌ನ ಯುಆರ್22 ಎಂಕೆ2 ಥರದ ಕೆಲವು ಪೆಟ್ಟಿಗೆಗಳ ಹಿಂಭಾಗದಲ್ಲಿ 'ಸಿಸಿ' ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಆನ್ ಮಾಡಿದರೆ ಆಯಿತು.

ಹಳೆಯ ಸಲಹೆಗಳನ್ನು ಓದಿ ಹೆದರಬೇಡಿ. ಲಿನಕ್ಸ್‌ನಲ್ಲಿ ಸದ್ದಿನ ಕೆಲಸವನ್ನು ಅಡಿಯಲ್ಲಿ ನೋಡಿಕೊಳ್ಳುವುದು ಆಲ್ಸಾ. ಅದರ ಮೇಲೆ ಪಲ್ಸ್‌ಆಡಿಯೋ, ಜ್ಯಾಕ್ ಅಂತ ಎರಡು ಸಂಸಾರಗಳಿದ್ದವು. ಒಂದು ನಡೆಯುವಾಗ ಇನ್ನೊಂದನ್ನು ಸುಮ್ಮನಾಗಿಸಬೇಕಿತ್ತು. ಈಗ ಎರಡರ ಕೆಲಸವನ್ನೂ ಪೈಪ್‌ವೈರ್ ಮಾಡುತ್ತದೆ. ಫೆಡೋರಾ 2021ರಲ್ಲೇ ಇದಕ್ಕೆ ಬದಲಾಯಿತು, ಉಬುಂಟು 22.10ರಲ್ಲಿ ಬಂತು. ಅದಕ್ಕೂ ಹಿಂದಿನ ಗೋಳುಗಳಲ್ಲಿ ಅರ್ಧಕ್ಕರ್ಧ ಇವತ್ತು ಇಲ್ಲ.

ಮೊದಲು, ಕೊಳ್ಳದೆಯೇ ಆಗುತ್ತದೆಯೇ ನೋಡಿ

ಕೀಬೋರ್ಡ್ ಚುಚ್ಚಿ ಸಿಂತ್ ನುಡಿಸುವುದು, ಎಲ್ಎಂಎಂಎಸ್‌ನಲ್ಲಿ ಬೀಟ್ ಕಟ್ಟುವುದು, ಯಾರೋ ಕಳಿಸಿದ ಟ್ರ್ಯಾಕ್‌ಗಳನ್ನು ಮಿಕ್ಸ್ ಮಾಡುವುದು, ಇಷ್ಟೇ ನಿಮ್ಮ ಕೆಲಸವಾದರೆ ಲ್ಯಾಪ್‌ಟಾಪ್ ಒಳಗಿರುವ ಕಾರ್ಡೇ ಸಾಕು. ದುಡ್ಡನ್ನು ಒಳ್ಳೆಯ ಹೆಡ್‌ಫೋನ್‌ಗೆ ಹಾಕಿ. ಒಳಗಿನ ಕಾರ್ಡಿನ ಸಮಸ್ಯೆ ಇರುವುದು ಮೈಕಿನ ತೂತಿನಲ್ಲಿ. ಅದಕ್ಕೆ ಹಾಡುಗಾರರ ಮೈಕು ನೇರವಾಗಿ ಹೊಂದುವುದಿಲ್ಲ. ಹೊಂದಿಸಿದರೂ ಹಿಂದಿನಿಂದ ಹಿಸ್ ಅನ್ನುವ ಸದ್ದು ಜಾಸ್ತಿ.

ಯುಎಸ್‌ಬಿ ಮೈಕು ಮಾತಿಗೆ ಒಳ್ಳೆಯದು, ಹಾಡಿಗೆ ಅರೆಬರೆ. ಮೈಕೇ ಒಂದು ಸೌಂಡ್ ಕಾರ್ಡ್, ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತು ಇನ್ನೊಂದು ಸೌಂಡ್ ಕಾರ್ಡ್. ಎರಡಕ್ಕೂ ಅದರದ್ದೇ ಗಡಿಯಾರ. ಎರಡೂ ಸೆಕೆಂಡಿಗೆ 48,000 ಸ್ಯಾಂಪಲ್ ಅಂತಲೇ ಹೇಳಿಕೊಂಡರೂ ಒಂದು ಚೂರು ಮುಂದೆ, ಒಂದು ಚೂರು ಹಿಂದೆ ಓಡುತ್ತಿರುತ್ತವೆ. ಪೈಪ್‌ವೈರ್ ಇದನ್ನು ಹೊಂದಿಸಿಕೊಂಡು ಹೋಗುತ್ತದೆ ನಿಜ. ಆದರೆ ಬಫರ್ (ಸದ್ದನ್ನು ಒಂದಿಷ್ಟು ಕೂಡಿಟ್ಟು ಕಳಿಸುವ ಜಾಗ) ಇಳಿಸಿದಷ್ಟೂ ಆ ಹೊಂದಾಣಿಕೆ ಕಷ್ಟವಾಗುತ್ತದೆ. ಕೊಂಡರೆ ಹೆಡ್‌ಫೋನ್ ತೂತು ಮೈಕಿನ ಮೈಮೇಲೇ ಇರುವುದನ್ನು ಕೊಳ್ಳಿ, ಅಲ್ಲಿಗೇ ಹೆಡ್‌ಫೋನ್ ಚುಚ್ಚಿ. ಆಗ ಎರಡಕ್ಕೂ ಗಡಿಯಾರ ಒಂದೇ.

ಬೆರಿಂಜರ್: ಕಡಿಮೆ ದುಡ್ಡಿಗೆ

ಎಲ್ಲಕ್ಕಿಂತ ಅಗ್ಗದ ಸಾಲಿನಲ್ಲಿ ಸಿಗುವುದು ಯುಎಂ2. ಒಂದು ಮೈಕು, ಒಂದು ಗಿಟಾರ್, ಫ್ಯಾಂಟಮ್ ಪವರ್ ಎಲ್ಲ ಇದೆ. ಆದರೆ 16 ಬಿಟ್, 48 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಈ 48 ನನಗೆ ಕೊರತೆ ಅನಿಸುವುದಿಲ್ಲ, 16 ಅನಿಸುತ್ತದೆ. ಆಲಾಪನೆಯಲ್ಲಿ ಮಂದ್ರದ ಮೆಲುದನಿಯೂ ಇರುತ್ತದೆ, ತಾರಸ್ಥಾಯಿಯ ಏರುದನಿಯೂ ಇರುತ್ತದೆ. ಏರುದನಿ ಒಡೆಯದಿರಲಿ ಅಂತ ಗೇನ್ ಇಳಿಸಿಡುತ್ತೀರಿ. ಆಮೇಲೆ ಮೆಲುದನಿಯನ್ನು ಎತ್ತುವಾಗ ಹಿನ್ನೆಲೆಯ ಹಿಸ್ ಕೂಡ ಜೊತೆಗೇ ಎದ್ದು ಬರುತ್ತದೆ. 24 ಬಿಟ್‌ನಲ್ಲಿ ಗೇನ್ ಇಳಿಸಿಟ್ಟುಕೊಳ್ಳಲು ಜಾಗ ಜಾಸ್ತಿ.

ಚುಚ್ಚಿದಾಗ ಯುಎಂ2 ಲಿನಕ್ಸ್‌ನಲ್ಲಿ ಬರೇ 'ಯುಎಸ್‌ಬಿ ಆಡಿಯೋ ಕೋಡೆಕ್' ಅಂತ ಕಾಣಿಸಬಹುದು. ಕಂಪನಿಯ ಹೆಸರೇ ಇಲ್ಲವಲ್ಲ ಅಂತ ಗಾಬರಿ ಬೇಡ. ಒಳಗಿನ ಚಿಪ್ಪಿನ ಹೆಸರು ಅದು.

ಇನ್ನು ಸ್ವಲ್ಪ ದುಡ್ಡು ಸೇರಿಸಿದರೆ ಯುಎಂಸಿ202ಎಚ್‌ಡಿ. ಎರಡು ಮೈಕು, 24 ಬಿಟ್, ಲೋಹದ ಮೈ, ಬೇಕಾದ ಗುಂಡಿಗಳೆಲ್ಲ ಹೊರಗೇ. ಸಾಫ್ಟ್‌ವೇರಿನ ಮಿಕ್ಸರ್ ಅನ್ನುವುದೇ ಇಲ್ಲ, ಅದೇ ಇದರ ಗುಣ. ಲಿನಕ್ಸ್‌ನಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಹಾಡು ಮತ್ತು ಹಾರ್ಮೋನಿಯಂ, ಅಥವಾ ಮೃದಂಗದ ಎಡಕ್ಕೊಂದು ಬಲಕ್ಕೊಂದು ಮೈಕು, ಇಷ್ಟಕ್ಕೆ ಇದು ಧಾರಾಳ.

ಈ ಹೆಸರುಗಳಲ್ಲಿನ ಅಂಕಿಗಳನ್ನು ಓದುವುದು ಹೇಗೆ ಅಂತ ತಿಳಿದಿರಲಿ, ಏಕೆಂದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. 202 ಅಂದರೆ ಎರಡು ಒಳಕ್ಕೆ, ಎರಡು ಹೊರಕ್ಕೆ. 204 ಅಂದರೆ ಎರಡು ಒಳಕ್ಕೆ, ನಾಲ್ಕು ಹೊರಕ್ಕೆ. ಅಂದರೆ 204ರಲ್ಲೂ ಮೈಕು ಎರಡೇ. ನಾಲ್ಕು ಮೈಕು ಬೇಕು ಅಂದರೆ 404. ಫೋಕಸ್‌ರೈಟ್‌ನ 4ಐ4 ಮತ್ತು ಮೋಟುವಿನ ಎಂ4 ಕೂಡ ಇದೇ ಥರ ಮೋಸ ಹೋಗಿಸುತ್ತವೆ. ಎರಡರಲ್ಲೂ ನಾಲ್ಕು ಒಳದಾರಿ ಇವೆ, ಮೈಕಿಗೆ ಮಾತ್ರ ಎರಡೇ. ಉಳಿದ ಎರಡು ಕೀಬೋರ್ಡಿನಂಥ ಲೈನ್ ಸದ್ದಿಗೆ. ಹಾಡು, ಪಿಟೀಲು, ಮೃದಂಗ, ಘಟಂ ಅಂತ ಲೆಕ್ಕ ಹಾಕಿ ಎಂ4 ತಂದರೆ ಇಬ್ಬರು ಮೈಕಿಲ್ಲದೆ ಕೂರಬೇಕಾಗುತ್ತದೆ.

404ಕ್ಕೆ ಒಂದು ಷರತ್ತು ಇದೆ. 202 ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಕರೆಂಟು ಎಳೆದುಕೊಳ್ಳುತ್ತದೆ. 404ಕ್ಕೆ ಗೋಡೆಗೆ ಚುಚ್ಚುವ ಅಡಾಪ್ಟರ್ ಬೇಕು. ಕರೆಂಟು ಹೋಗುವ ಊರಿನಲ್ಲಿ ಇದ್ದೀರಾದರೆ ಯುಪಿಎಸ್ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಫೋಕಸ್‌ರೈಟ್ ಸ್ಕಾರ್ಲೆಟ್: ನನ್ನ ನಿಯಮಕ್ಕೆ ಹೊರತಾದದ್ದು

ಸ್ಕಾರ್ಲೆಟ್ ಸಾಲಿನ ದೊಡ್ಡ ಪೆಟ್ಟಿಗೆಗಳಲ್ಲಿ ಎಷ್ಟೋ ಸೆಟ್ಟಿಂಗ್ ಇರುವುದು ಕಂಪನಿಯ ಸಾಫ್ಟ್‌ವೇರ್ ಒಳಗೆ. ನನ್ನ ನಿಯಮದ ಪ್ರಕಾರ ದೂರ ಇಡಬೇಕು. ಆದರೆ ಜೆಫ್ರಿ ಬೆನೆಟ್ ಎಂಬುವರು ಇವಕ್ಕೆಂದೇ ಕರ್ನಲ್ ಡ್ರೈವರ್ ಬರೆದಿದ್ದಾರೆ. ಜೊತೆಗೆ 'ಆಲ್ಸಾ ಸ್ಕಾರ್ಲೆಟ್ ಜಿಯುಐ' ಎಂಬ ತೆರೆಯ ಮೇಲಿನ ಕಂಟ್ರೋಲ್ ಫಲಕವನ್ನೂ ಮಾಡಿದ್ದಾರೆ. ಯಾವ ಮೈಕು ಯಾವ ಹೆಡ್‌ಫೋನಿಗೆ ಹೋಗಬೇಕು ಅನ್ನುವುದನ್ನೂ ಅಲ್ಲೇ ಎಳೆದು ಜೋಡಿಸಬಹುದು. ಲಿನಕ್ಸ್‌ನಲ್ಲಿ ಇಷ್ಟು ಚೆನ್ನಾಗಿ ನೋಡಿಕೊಂಡಿರುವ ಸಾಲು ಈ ಬೆಲೆಯಲ್ಲಿ ಮತ್ತೊಂದಿಲ್ಲ ಅನ್ನುವುದು ನನ್ನ ಅನಿಸಿಕೆ.

ಕರ್ನಲ್ ಆವೃತ್ತಿ ಮಾತ್ರ ನೋಡಿಕೊಳ್ಳಿ. 6.7ಕ್ಕಿಂತ ಹಳೆಯದಾದರೆ ಈ ಡ್ರೈವರನ್ನು ಒಂದು ಸೆಟ್ಟಿಂಗ್ ಬರೆದು ನೀವೇ ಎಬ್ಬಿಸಬೇಕು. 6.7ರಿಂದ ಅದು ತಾನಾಗಿಯೇ ಆನ್. ನಾಲ್ಕನೇ ಪೀಳಿಗೆಯ ಪೆಟ್ಟಿಗೆಗಳ ಕಂಟ್ರೋಲ್‌ಗಳು ಬಂದದ್ದು 6.8ರಲ್ಲಿ. ಹಳೆಯ ಕರ್ನಲ್‌ನಲ್ಲಿ ಸದ್ದು ಬರುತ್ತದೆ, ಆ ಕಂಟ್ರೋಲ್‌ಗಳು ಬರುವುದಿಲ್ಲ.

ಹೊಸ ಡಬ್ಬ ಒಡೆದು ಚುಚ್ಚಿದ ಮೊದಲ ಸಲ ಒಂದು ತಮಾಷೆ ನಡೆಯುತ್ತದೆ. ಸೌಂಡ್ ಕಾರ್ಡ್ ಜೊತೆಗೆ ಒಂದು ಪೆನ್ ಡ್ರೈವ್ ಕೂಡ ಕಾಣಿಸಿಕೊಳ್ಳುತ್ತದೆ. ಒಳಗೆ ಕಂಪನಿಯ ಪುಟಕ್ಕೆ ಹೋಗುವ ಲಿಂಕು. ಅದು ಇರುವವರೆಗೆ ಪೆಟ್ಟಿಗೆಯ ಎಲ್ಲ ಸೌಲಭ್ಯಗಳೂ ತೆರೆದುಕೊಳ್ಳುವುದಿಲ್ಲ. ಕೇಬಲ್ ಕಿತ್ತು, 48 ವೋಲ್ಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಮತ್ತೆ ಚುಚ್ಚಿದರೆ ಆ ಡ್ರೈವ್ ಹೋಗುತ್ತದೆ. ಮೇಲೆ ಹೇಳಿದ ಫಲಕದಿಂದಲೂ ತೆಗೆಯಬಹುದು.

ಸೋಲೋ ಕೊಳ್ಳಲೋ, 2ಐ2 ಕೊಳ್ಳಲೋ? ಸೋಲೋದಲ್ಲಿ ಮೈಕು ಒಂದೇ. ಒಬ್ಬರೇ ಹಾಡುವವರು, ಗಿಟಾರ್ ಹಿಡಿದು ಹಾಡುವವರು, ಇವರಿಗೆ ಸಾಕು. ಮಿಕ್ಕವರಿಗೆ 2ಐ2. ಇನ್ನೊಂದು ವ್ಯತ್ಯಾಸ ಗೇನ್‌ನಲ್ಲಿದೆ. ನಾಲ್ಕನೇ ಪೀಳಿಗೆಯ 2ಐ2ನಲ್ಲಿ 69 ಡೆಸಿಬೆಲ್ ಗೇನ್, ಅದೇ ಪೀಳಿಗೆಯ ಸೋಲೋದಲ್ಲಿ 57. ಶೂರ್ ಎಸ್ಎಂ7ಬಿ ಥರದ ಮೈಕಿಗೆ ಸುಮಾರು 60 ಬೇಕು. ಅಂಕಿ ಬಿಡಿ ಅಂದವನೇ ಈಗ ಅಂಕಿ ಹೇಳುತ್ತಿದ್ದೇನೆ, ಅಲ್ವಾ? ಈ ಒಂದು ಅಂಕಿ ಮಾತ್ರ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮೆಲ್ಲಗೆ ಹಾಡುವವರಿಗೆ ಡೈನಾಮಿಕ್ ಮೈಕು ಕೊಟ್ಟು, ಗೇನ್ ಸಾಲದ ಪೆಟ್ಟಿಗೆ ಕೊಟ್ಟರೆ, ನಾಬ್ ಪೂರ್ತಿ ತಿರುಗಿಸಿದರೂ ಅಲೆ ತೆಳ್ಳಗಿನ ಗೆರೆಯಂತೆಯೇ ಉಳಿಯುತ್ತದೆ.

ಮೋಟು ಎಂ2, ಮತ್ತು ಅದಕ್ಕಿಂತ ಮೇಲೆ

ದುಡ್ಡು ಇದ್ದರೆ ನನ್ನ ಮೊದಲ ಆಯ್ಕೆ ಎಂ2. ಪ್ರತಿ ಮೈಕಿಗೂ ಅದರದ್ದೇ ಫ್ಯಾಂಟಮ್ ಸ್ವಿಚ್, ಅದರದ್ದೇ ಮಾನಿಟರ್ ಗುಂಡಿ. ಹಿಂಭಾಗದಲ್ಲಿ ಕೀಬೋರ್ಡಿನಂಥ ವಾದ್ಯ ಜೋಡಿಸುವ ಮಿಡಿ ತೂತು, ಒಳಕ್ಕೂ ಹೊರಕ್ಕೂ. ಸ್ಕಾರ್ಲೆಟ್ ಸೋಲೋ, 2ಐ2 ಎರಡರಲ್ಲೂ ಮಿಡಿ ಇಲ್ಲ. ಎಲ್ಲಕ್ಕಿಂತ ಇಷ್ಟವಾಗುವುದು ಅದರ ಮುಖದ ಮೇಲಿನ ಪುಟ್ಟ ಬಣ್ಣದ ತೆರೆ. ಒಳಬರುವ, ಹೊರಹೋಗುವ ಸದ್ದಿನ ಮಟ್ಟವನ್ನು ಕಡ್ಡಿಗಳಲ್ಲಿ ತೋರಿಸುತ್ತದೆ. ಶ್ರುತಿ ಸೇರಿಸಿಕೊಳ್ಳುತ್ತಾ ಕೂತವರು ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡುವ ಅಗತ್ಯವಿಲ್ಲ.

ಆರ್‌ಎಂಇ ಬೇಬಿಫೇಸ್ ಪ್ರೋ ಬೆಲೆಯಲ್ಲಿ ಬೇರೆಯೇ ಲೋಕ. ಕ್ಲಾಸ್ ಕಂಪ್ಲಯಂಟ್ ಮೋಡ್‌ಗೆ ಹಾಕಿದರೆ ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಅದರ ಹೆಸರುವಾಸಿ ಟೋಟಲ್‌ಮಿಕ್ಸ್ ಸಾಫ್ಟ್‌ವೇರ್ ಲಿನಕ್ಸ್‌ಗೆ ಇಲ್ಲ. ಕೊಟ್ಟ ದುಡ್ಡಿನ ದೊಡ್ಡ ಪಾಲು ಆ ಸಾಫ್ಟ್‌ವೇರಿಗೇ ಹೋಗಿರುತ್ತದಲ್ಲ? ಯೂನಿವರ್ಸಲ್ ಆಡಿಯೋದ ಅಪೊಲೋ ಸಾಲಿಗೆ ಲಿನಕ್ಸ್ ಡ್ರೈವರೇ ಇಲ್ಲ, ಅತ್ತ ತಲೆ ಹಾಕಬೇಡಿ. ಅದೇ ಕಂಪನಿಯ ವೋಲ್ಟ್ ಸಾಲು ಕ್ಲಾಸ್ ಕಂಪ್ಲಯಂಟ್, ಅದು ಆಗುತ್ತದೆ.

ಪೂರ್ತಿ ಕಚೇರಿ ಅಥವಾ ಯಕ್ಷಗಾನದ ಹಿಮ್ಮೇಳ ರೆಕಾರ್ಡ್ ಮಾಡುವವರಿಗೆ ಈ ಸಣ್ಣ ಪೆಟ್ಟಿಗೆಗಳು ಸಾಲುವುದಿಲ್ಲ. ಭಾಗವತರಿಗೆ ಒಂದು, ಮದ್ದಳೆಗೆ ಎರಡು, ಚೆಂಡೆಗೆ ಒಂದು, ಚಕ್ರತಾಳಕ್ಕೆ ಒಂದು, ಜೊತೆಗೆ ಇಡೀ ರಂಗಕ್ಕೆ ಒಂದೆರಡು ಅಂದರೂ ಆರೇಳು ಮೈಕು. ಇಲ್ಲಿ ನಾನು ಹೇಳುವುದು ಬೆರಿಂಜರ್ ಎಕ್ಸ್‌ಆರ್18 ಮಿಕ್ಸರ್. ಹದಿನಾರು ಮೈಕು, ಎಲ್ಲವೂ ಬೇರೆ ಬೇರೆ ಟ್ರ್ಯಾಕ್ ಆಗಿ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ. ಇದನ್ನು ಪೂರ್ತಿ ಸಾಫ್ಟ್‌ವೇರಿನಿಂದಲೇ ನಡೆಸಬೇಕು, ಆದರೂ ಹೇಳುತ್ತಿದ್ದೇನೆ. ಏಕೆಂದರೆ ಆ ಸಾಫ್ಟ್‌ವೇರನ್ನು ಕಂಪನಿಯೇ ಲಿನಕ್ಸ್‌ಗೂ ಕೊಟ್ಟಿದೆ. ಕಾರ್ಯಕ್ರಮದ ಮೈಕು ನಡೆಸುವುದೂ ಅದರಲ್ಲೇ ಆಗುತ್ತದೆ, ಹಾಗಾಗಿ ತಂಡವೇ ಸೇರಿ ಕೊಂಡರೆ ಹೊರೆಯಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಎರಡೇ ಮಾತು. ಎಂ-ಆಡಿಯೋದ ಆಡಿಯೋಫೈಲ್ 2496 ಒಂದು ಕಾಲಕ್ಕೆ ಲಿನಕ್ಸ್ ಸಂಗೀತಗಾರರ ಅಚ್ಚುಮೆಚ್ಚು, ಇವತ್ತಿಗೂ ಡ್ರೈವರ್ ಇದೆ, ಆದರೆ ಅದನ್ನು ಕೂರಿಸುವ ಪಿಸಿಐ ಸ್ಲಾಟು ಹೊಸ ಮದರ್‌ಬೋರ್ಡ್‌ಗಳಲ್ಲಿ ಸಿಗುವುದು ಕಷ್ಟ. ಫೈರ್‌ವೈರ್ ಪೆಟ್ಟಿಗೆಗಳು ಅಗ್ಗಕ್ಕೆ ಸಿಗುತ್ತವೆ, ಹಲವಕ್ಕೆ ಡ್ರೈವರ್ ಕೂಡ ಇದೆ, ಆದರೆ ಕಾರ್ಡು ಕೇಬಲ್ಲು ಹುಡುಕುವ ತಾಳ್ಮೆ ಇರುವವರಿಗೆ ಮಾತ್ರ.

ಡಬ್ಬದ ಮೇಲಿನ ಯಾವುದಕ್ಕೆ ದುಡ್ಡು ಕೊಡಬಾರದು

192 ಕಿಲೋಹರ್ಟ್ಸ್‌ಗೆ ಕೊಡಬೇಡಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೋ ರೆಕಾರ್ಡಿಂಗ್ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. 192ರಲ್ಲಿ ಅದೇ 4 ಜಿಬಿ ದಾಟುತ್ತದೆ. ಕಿವಿಗೆ ಸಿಗುವ ಲಾಭ ನನಗಂತೂ ಕೇಳಿಸಿಲ್ಲ.

ಜೊತೆಗೆ ಬರುವ ಉಚಿತ ಸಾಫ್ಟ್‌ವೇರಿಗೂ ಕೊಡಬೇಡಿ. ಅವು ಬಹುಪಾಲು ಲಿನಕ್ಸ್‌ನಲ್ಲಿ ಓಡುವುದಿಲ್ಲ. 'ಲೂಪ್‌ಬ್ಯಾಕ್' ಎಂಬ ಸೌಲಭ್ಯಕ್ಕೂ ಬೇಡ. ಒಂದು ಪ್ರೋಗ್ರಾಮಿನ ಸದ್ದನ್ನು ಇನ್ನೊಂದಕ್ಕೆ ಕಳಿಸುವ ಕೆಲಸ ಅದು. ಪೈಪ್‌ವೈರ್ ಇದ್ದರೆ ಕ್ಯೂಪಿಡಬ್ಲ್ಯೂಗ್ರಾಫ್ ಎಂಬ ಪ್ರೋಗ್ರಾಮ್ ತೆರೆದು ಗೆರೆ ಎಳೆದರೆ ಮುಗಿಯಿತು.

ತಡ ಎಷ್ಟಾದರೆ ತೊಂದರೆ?

ಲೇಟೆನ್ಸಿ, ಅಂದರೆ ಈ ತಡದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನಿಮ್ಮ ಸದ್ದು ಕಂಪ್ಯೂಟರ್ ಒಳಗೆ ಹೋಗಿ ಬದಲಾಗಿ ಬರಬೇಕೇ? ತಂಬೂರಿ ಶ್ರುತಿ ಕೇಳುತ್ತಾ ಹಾಡುವವರಿಗೆ ಬೇಡ. ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ. ಮೈಕಿನ ಸದ್ದು ಕಂಪ್ಯೂಟರಿನ ದಾರಿ ಹಿಡಿಯದೆ ಪೆಟ್ಟಿಗೆಯಿಂದಲೇ ಕಿವಿಗೆ ಬರುತ್ತದೆ. ಮರೆಯದೆ ಆರ್ಡೋರ್‌ನಲ್ಲಿ ಮಾನಿಟರಿಂಗ್ ಆಫ್ ಮಾಡಿ, ಇಲ್ಲದಿದ್ದರೆ ನಿಮ್ಮ ದನಿ ಎರಡೆರಡು ಸಲ ಕೇಳುತ್ತದೆ.

ಗಿಟಾರನ್ನು ಗಿಟಾರಿಕ್ಸ್ ಎಂಬ ಆ್ಯಂಪ್ ಪ್ರೋಗ್ರಾಮಿಗೆ ಹಾಕಿ ನುಡಿಸುವವರಿಗೆ, ಕೀಬೋರ್ಡಿನಿಂದ ಸಿಂತ್ ನುಡಿಸುವವರಿಗೆ ತಡ ಮುಖ್ಯ. ಲೆಕ್ಕ ಸುಲಭ: ಬಫರ್ ಗಾತ್ರವನ್ನು ಬಫರ್‌ಗಳ ಸಂಖ್ಯೆಯಿಂದ ಗುಣಿಸಿ ಸ್ಯಾಂಪಲ್ ರೇಟ್‌ನಿಂದ ಭಾಗಿಸಿ. 128ರ ಮೂರು ಬಫರ್, 48,000ದಲ್ಲಿ 8 ಮಿಲಿಸೆಕೆಂಡ್. ಅದರ ಮೇಲೆ ಯುಎಸ್‌ಬಿ, ಪೆಟ್ಟಿಗೆಯ ಒಳಗಿನ ತಡ ಒಂದಿಷ್ಟು ಸೇರುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. 10 ಮಿಲಿಸೆಕೆಂಡ್ ಅಂದರೆ ಮೂರೂವರೆ ಮೀಟರಿನಷ್ಟು ಆಚೆ ಇಟ್ಟ ಸ್ಪೀಕರಿನಿಂದ ಕೇಳಿದ ಹಾಗೆ. ವೇದಿಕೆಯ ಮೇಲೆ ಅಷ್ಟು ದೂರ ಕೂತು ನುಡಿಸುವವರು ಎಷ್ಟೋ ಜನ ಇದ್ದಾರೆ. ಇಷ್ಟರ ಮಟ್ಟಿಗೆ ಮೇಲೆ ಹೇಳಿದ ಯಾವ ಪೆಟ್ಟಿಗೆಯೂ ಕಂಪ್ಯೂಟರ್ ಸರಿಯಿದ್ದರೆ ಸಾಕಾಗುತ್ತದೆ. ಇದಕ್ಕೆಂದೇ ಸಾವಿರಾರು ರೂಪಾಯಿ ಜಾಸ್ತಿ ಕೊಡಬೇಕಿಲ್ಲ.

ತಂದ ಮೇಲೆ, ವಾಪಸು ಮಾಡುವ ಗಡುವಿನೊಳಗೆ

ಪೆಟ್ಟಿಗೆಯನ್ನು ಹಬ್ ಮೂಲಕ ಅಲ್ಲ, ಲ್ಯಾಪ್‌ಟಾಪ್‌ಗೇ ನೇರ ಚುಚ್ಚಿ. ಸೌಂಡ್ ಸೆಟ್ಟಿಂಗ್‌ನಲ್ಲಿ ಅದರ ಪ್ರೊಫೈಲನ್ನು 'ಪ್ರೋ ಆಡಿಯೋ'ಗೆ ಬದಲಿಸಿ. ಇದನ್ನು ಮಾಡದಿದ್ದರೆ ಸಾಮಾನ್ಯವಾಗಿ ಮೊದಲ ಮೈಕು ಎಡ ಕಿವಿ, ಎರಡನೆಯದು ಬಲ ಕಿವಿ ಅಂತ ಸ್ಟೀರಿಯೋ ಜೋಡಿಯಾಗಿ ಬರುತ್ತವೆ. 'ಒಂದೇ ಕಿವಿಯಲ್ಲಿ ಕೇಳ್ತಿದೆ, ಪೀಸ್ ಡಿಫೆಕ್ಟು' ಅಂತ ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗುವ ಮುಂಚೆ ಇದನ್ನು ನೋಡಿ. ಆಡಾಸಿಟಿಯಲ್ಲಿ ಮೋನೋ ಟ್ರ್ಯಾಕ್ ಆರಿಸಿಕೊಂಡರೂ ಸರಿಹೋಗುತ್ತದೆ.

ಆಮೇಲೆ ಟರ್ಮಿನಲ್‌ನಲ್ಲಿ ಪಿಡಬ್ಲ್ಯೂ-ಟಾಪ್ (pw-top) ಓಡಿಸಿ, ಅರ್ಧ ಗಂಟೆ ರೆಕಾರ್ಡ್ ಆಗಲು ಬಿಡಿ. ಅದರಲ್ಲಿ 'ಇಆರ್‌ಆರ್' (ERR) ಅಂತ ಒಂದು ಕಾಲಂ ಇದೆ. ಆ ಅಂಕಿ ಏರುತ್ತಾ ಹೋದರೆ ಸದ್ದು ಅಲ್ಲಲ್ಲಿ ತುಂಡಾಗುತ್ತಿದೆ ಅಂತ ಅರ್ಥ. ಬಫರ್ ಏರಿಸಿ, ಇನ್ನೊಂದು ಯುಎಸ್‌ಬಿ ತೂತಿಗೆ ಹಾಕಿ, ವೈಫೈ ಆಫ್ ಮಾಡಿ ನೋಡಿ. 256ಕ್ಕೆ ಏರಿಸಿದರೂ, ಬೇರೆ ಕಂಪ್ಯೂಟರಿನಲ್ಲೂ ಹಾಗೇ ಆದರೆ ಆಗ ಪೆಟ್ಟಿಗೆ ವಾಪಸು ಕೊಡಿ.

ಗುಂಯ್ ಅನ್ನುವ ಸದ್ದು ಬಂದರೆ ಮಾತ್ರ ಪೆಟ್ಟಿಗೆಯನ್ನು ಬೈಯಬೇಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ತಪ್ಪು ಚಾರ್ಜರಿನದ್ದು ಅಥವಾ ಮನೆಯ ಅರ್ಥಿಂಗ್‌ನದ್ದು. ಎಷ್ಟು ದುಬಾರಿ ಸೌಂಡ್ ಕಾರ್ಡ್ ತಂದರೂ ಅದು ಹೋಗುವುದಿಲ್ಲ, ಎಲೆಕ್ಟ್ರಿಷಿಯನ್ ಬರಬೇಕು. ಅವರು ಬರುವವರೆಗೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.